ಅಮೆರಿಕದ ಜೀಪು, ನಮ್ಮೂರ ಮೆಕ್ಯಾನಿಕ್ಕು

ಅಮೆರಿಕದ ಹಳೆಯ ಕಾರು ಎಂದೊಡನೆ ಕಣ್ಣ ಮುಂದೆ ಬರುವುದು ಸಿನಿಮಾಗಳಲ್ಲಿ ಕಂಡ ಉದ್ದನೆಯ ಗಾಡಿ. ಮುಖ ಕಾಣುವಷ್ಟು ಹೊಳೆಯುವ ಬಂಪರ್, ಹಿಂದೆ ಮೀನಿನ ರೆಕ್ಕೆಯಂಥ ಬಾಲ. ಗುರುಗುಂಟಾದಂಥ ಊರಿಗೂ ಅಂಥ ಕಾರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಆದರೆ ಹುಟ್ಟಿನಿಂದ ಅಪ್ಪಟ ಅಮೆರಿಕದ್ದೇ ಆದ ಒಂದು ವಾಹನ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಹಳ್ಳಿಗಳ ಕೆಸರನ್ನು ದಶಕಗಳ ಕಾಲ ತುಳಿದಿದೆ. ತಹಸೀಲ್ದಾರರು ಬರುತ್ತಿದ್ದುದು ಅದರಲ್ಲಿ, ಪೊಲೀಸರು ಬರುತ್ತಿದ್ದುದು ಅದರಲ್ಲಿ, ಚುನಾವಣೆಯಲ್ಲಿ ಮೈಕು ಕಟ್ಟಿಕೊಂಡು ಕೂಗುತ್ತ ಬರುತ್ತಿದ್ದುದೂ ಅದೇ. ‘ಜೀಪ್ ಬಂತು’ ಎಂದರೆ ಸರಕಾರವೇ ಊರಿಗೆ ಬಂತು ಎಂದು ಅರ್ಥ.

ಈ ಜೀಪು ಹುಟ್ಟಿದ್ದು ಅವಸರದಲ್ಲಿ. 1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಮುಟ್ಟುವಂಥ ಹಗುರ ಗಾಡಿಯೊಂದು ಬೇಕೆಂದಿತು. ಮಾದರಿ ಸಿದ್ಧಪಡಿಸಲು ಕೊಟ್ಟ ಗಡುವು 49 ದಿನ. ಅದನ್ನು ಪೂರೈಸಿದ್ದು ಬ್ಯಾಂಟಮ್ ಎಂಬ ಚಿಕ್ಕ ಕಂಪನಿ. ಆದರೆ ದೊಡ್ಡ ಆರ್ಡರು ಸಿಕ್ಕಿದ್ದು ಹೆಚ್ಚು ಬಲದ ಎಂಜಿನ್ ಇದ್ದ ವಿಲ್ಲಿಸ್ ಕಂಪನಿಗೆ ಮತ್ತು ವಿಲ್ಲಿಸ್ ನಕ್ಷೆಯಂತೆಯೇ ತಯಾರಿಸಲು ಒಪ್ಪಿದ ಫೋರ್ಡ್‌ಗೆ. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಹೊರತಂದಿದ್ದರು. ಫೋರ್ಡ್ ಮಾಡಿದ ಬಿಡಿಭಾಗ ವಿಲ್ಲಿಸ್ ಗಾಡಿಗೆ ಕೂರಬೇಕು, ವಿಲ್ಲಿಸ್‌ನದು ಫೋರ್ಡ್‌ಗೆ ಕೂರಬೇಕು ಎಂಬುದು ಸೇನೆಯ ಕಟ್ಟಪ್ಪಣೆ. ರಣರಂಗದಲ್ಲಿ ಕೆಟ್ಟು ನಿಂತ ಎರಡು ಗಾಡಿಗಳನ್ನು ಬಿಚ್ಚಿ ಓಡುವ ಒಂದನ್ನು ಮಾಡಿಕೊಳ್ಳುವುದು ಸಾಧ್ಯವಾದದ್ದು ಇದರಿಂದಲೇ. ನಮ್ಮ ಮೆಕ್ಯಾನಿಕ್ಕುಗಳು ಮುಂದೆ ಐವತ್ತು ವರ್ಷ ಮಾಡಿದ್ದೂ ಅದನ್ನೇ.

ಮುಂಬೈಯ ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು, ಕ್ರಮೇಣ ಇಲ್ಲಿಯೇ ತಯಾರಿಸತೊಡಗಿತು. ನಮ್ಮವರು ಹೆಚ್ಚಾಗಿ ಕಂಡದ್ದು 1953ರಲ್ಲಿ ಅಮೆರಿಕದಲ್ಲಿ ಬಂದ ‘ಸಿಜೆ-3ಬಿ’ ಮಾದರಿಯನ್ನು. ಬಾನೆಟ್ ಎತ್ತರವಾಗಿ ಉಬ್ಬಿರುವುದೇ ಅದರ ಗುರುತು. ಅದು ಅಂದಕ್ಕಾಗಿ ಮಾಡಿದ್ದಲ್ಲ. ಹಳೆಯ ಎಂಜಿನ್ನಿನಲ್ಲಿ ಎರಡೂ ಬಗೆಯ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಹೊಸದರಲ್ಲಿ ಗಾಳಿ ಒಳಬರುವ ಕವಾಟವನ್ನು ತಲೆಯ ಮೇಲಕ್ಕೆ ತಂದರು. ಉಸಿರಾಟ ಸಲೀಸಾಗಿ ಅದೇ 2.2 ಲೀಟರ್ ಎಂಜಿನ್ನಿಗೆ 60ರ ಬದಲು 70ಕ್ಕೂ ಹೆಚ್ಚು ಅಶ್ವಶಕ್ತಿ ಬಂತು, ಜೊತೆಗೆ ಎತ್ತರವೂ ಬೆಳೆಯಿತು. ಬಾನೆಟ್ ಮುಚ್ಚಬೇಕಲ್ಲ!

ಇಲ್ಲಿ ಕನ್ನಡಿಗರು ನೆನೆಯಬೇಕಾದ ಒಂದು ಕಥೆಯಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಮತ್ತು ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೂ ಅಂಥದ್ದೊಂದು ಬೇಕೆಂದು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗಿದ್ದರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತ್ತು. ಬ್ರಿಟಿಷ್ ಸರಕಾರ ಅಡ್ಡಗಾಲು ಹಾಕಿತು. ಕೊನೆಗೆ ವಾಲ್‌ಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಮುಂಬೈಯಲ್ಲಿ ಹುಟ್ಟಿ, ಅಮೆರಿಕದ ಕ್ರೈಸ್ಲರ್ ನೆರವಿನಿಂದ ಡಾಜ್, ಪ್ಲಿಮತ್, ಡಿಸೋಟೊ ಕಾರುಗಳನ್ನು ಜೋಡಿಸಿತು. ಬೆಂಗಳೂರಿಗೆ ಬರಬಹುದಾಗಿದ್ದ ಕಾರ್ಖಾನೆ ಹಾಗೆ ತಪ್ಪಿಹೋಯಿತು.

ಡೆಲ್ಕೊ ಎಂಬ ಹೆಸರಿನ ಗುಟ್ಟು

ಹಳೆಯ ಪೆಟ್ರೋಲ್ ಜೀಪು ಸ್ಟಾರ್ಟ್ ಆಗದಿದ್ದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, ‘ಡೆಲ್ಕೊ ಪಾಯಿಂಟ್ ಸುಟ್ಟಾವ್ರಿ’. ಎಂಜಿನ್ನಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಮೆಕ್ಯಾನಿಕ್ಕುಗಳು ಇಟ್ಟ ಹೆಸರು ಡೆಲ್ಕೊ. ಈ ಪದ ಕನ್ನಡದ್ದೂ ಅಲ್ಲ, ಉರ್ದುವೂ ಅಲ್ಲ. ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ 1909ರಲ್ಲಿ ಗೆಳೆಯನೊಂದಿಗೆ ಕಟ್ಟಿದ ‘ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ’ಯ ಮೊದಲಕ್ಷರಗಳವು. ತಮಾಷೆಯೆಂದರೆ, ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿದ್ದ ಡಿಸ್ಟ್ರಿಬ್ಯೂಟರ್ ಡೆಲ್ಕೊದ್ದಲ್ಲ, ಆಟೊಲೈಟ್ ಎಂಬ ಬೇರೆ ಕಂಪನಿಯದು. ವನಸ್ಪತಿಗೆಲ್ಲ ‘ಡಾಲ್ಡಾ’ ಎಂದಂತೆ ಇದು. ಸ್ಟಾರ್ಟರ್ ಮೋಟರಿನ ಹಲ್ಲುಚಕ್ರಕ್ಕೆ ‘ಬೆಂಡಿಕ್ಸ್’ ಎನ್ನುತ್ತಾರೆ. ಅದೂ ವಿನ್ಸೆಂಟ್ ಬೆಂಡಿಕ್ಸ್ ಎಂಬ ಅಮೆರಿಕದ ಸಂಶೋಧಕನ ಹೆಸರೇ.

ಕೆಟರಿಂಗ್ ಮೊದಲು ಶಾಲಾ ಮಾಸ್ತರನಾಗಿದ್ದವನು. ಅವನ ವಿಧಾನ ಸರಳ. ಬ್ಯಾಟರಿಯ ಅಲ್ಪ ವೋಲ್ಟೇಜಿನ ವಿದ್ಯುತ್ತು ಒಂದು ತಂತಿಸುರುಳಿಯಲ್ಲಿ ಹರಿಯುತ್ತಿರುತ್ತದೆ. ಡೆಲ್ಕೊದೊಳಗಿನ ಎರಡು ಪುಟ್ಟ ಲೋಹದ ತುದಿಗಳು, ಅಂದರೆ ಪಾಯಿಂಟುಗಳು, ಸರಕ್ಕನೆ ಬೇರೆಯಾದಾಗ ಆ ಪ್ರವಾಹ ಕಡಿದುಹೋಗುತ್ತದೆ. ಕಾಂತಕ್ಷೇತ್ರ ಕುಸಿಯುತ್ತದೆ. ಅದರ ಜೊತೆಗೇ ಸುತ್ತಿದ, ಸಾವಿರಾರು ಸುತ್ತುಗಳಿರುವ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಚಿಮ್ಮಿ, ಪ್ಲಗ್ಗಿನ ಸಂದಿಯಲ್ಲಿ ಕಿಡಿಯಾಗುತ್ತದೆ. ಫ್ಯಾರಡೆಯ ವಿದ್ಯುತ್ಕಾಂತೀಯ ಪ್ರೇರಣೆ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇದನ್ನೇ. ಪಾಯಿಂಟುಗಳ ನಡುವಿನ ಸಂದು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಕರಕಲಾದ ತುದಿಯನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಫೀಲರ್ ಗೇಜ್ ತೂರಿಸಿ ಸಂದು ಸರಿಮಾಡಿದರೆ ಸತ್ತ ಜೀಪು ಎದ್ದು ಕೂರುತ್ತದೆ. ಮಗ ಕೈಗೆಲ್ಲ ಗ್ರೀಸ್ ಬಳಿದುಕೊಂಡು ಬಂದನೆಂದು ಬೈಯುವ ತಂದೆತಾಯಿ, ಆ ಕೈಯಿಂದಲೇ ಅವನೊಂದು ಪಾಠ ಕಲಿತಿರಬಹುದು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ ಮಾತ್ರ.

ರಾಯಚೂರು ಜಿಲ್ಲೆಯ ಬೇಸಿಗೆ ಕಲಿಸಿದ ಇನ್ನೊಂದು ಪಾಠವಿದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಚೆನ್ನಾಗಿಯೇ ಓಡುತ್ತಿದ್ದ ಜೀಪು ಗುಟುಗುಟು ಎಂದು ನಿಂತುಬಿಡುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಕಿಡಿಯೂ ಇದೆ. ಹಳೆಯ ಗಾಡಿಯ ಪೆಟ್ರೋಲ್ ಪಂಪು ಬಿಸಿ ಎಂಜಿನ್ನಿನ ಮೈಗೆ ಅಂಟಿಕೊಂಡಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವಾಗ ಕೊಳವೆಯಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ದ್ರವದ ಕುದಿಬಿಂದುವೂ ಇಳಿಯುತ್ತದೆ. ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ, ಪಂಪು ಬರೀ ಆವಿಯನ್ನು ಎಳೆಯತೊಡಗುತ್ತದೆ. ಇದಕ್ಕೆ ಡ್ರೈವರುಗಳು ಕಂಡುಕೊಂಡ ಔಷಧ ಪಂಪಿಗೆ ಸುತ್ತಿದ ಒದ್ದೆ ಬಟ್ಟೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ತತ್ವವೇ ಇಲ್ಲಿಯೂ: ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಹೊತ್ತೊಯ್ಯುತ್ತದೆ. ಈಗಿನ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲನ್ನು ಒತ್ತಡದಿಂದ ಮುಂದಕ್ಕೆ ತಳ್ಳುತ್ತದೆ, ಹಾಗಾಗಿ ಈ ಕಾಟವಿಲ್ಲ.

ಮಾರ್ಪಾಡಿನ ಮರ್ಮ

ಯುದ್ಧಕಾಲದ ಜೀಪಿನ ಬ್ಯಾಟರಿ 6 ವೋಲ್ಟಿನದು. 36 ವಾಟ್ ದೀಪ ಉರಿಯಲು 6 ವೋಲ್ಟಿಗೆ 6 ಆಂಪಿಯರ್ ಬೇಕು, 12 ವೋಲ್ಟಿಗೆ 3 ಸಾಕು. ಪ್ರವಾಹ ಅರ್ಧವಾದರೆ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿಯೇ ಹಳೆಯ ಗಾಡಿ ಇಟ್ಟುಕೊಂಡವರು ಅನೇಕರು 12 ವೋಲ್ಟಿಗೆ ಬದಲಾಯಿಸಿಕೊಂಡರು. ಬಲ್ಬು, ಕಾಯಿಲ್, ಡೈನಮೊ ಎಲ್ಲವನ್ನೂ ಬದಲಿಸಬೇಕು, ಒಂದನ್ನು ಬಿಟ್ಟರೂ ಸುಡುತ್ತದೆ.

ದೊಡ್ಡ ಮಾರ್ಪಾಡು ಎಂಜಿನ್ನಿನದೇ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ಜೀಪನ್ನು ಸಾಕುವುದು ಆನೆ ಸಾಕಿದಂತಾಯಿತು. ಮಹೀಂದ್ರ ಸಂಸ್ಥೆಯೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನು, ಮುಂದೆ ಫ್ರಾನ್ಸಿನ ಪ್ಯೂಜೊ ವಿನ್ಯಾಸದ ಎಂಜಿನ್ನನ್ನು ಜೀಪಿಗೆ ಕೂರಿಸಿತು. ಹಳೆಯ ಪೆಟ್ರೋಲ್ ಜೀಪು ಇದ್ದವರೂ ಗ್ಯಾರೇಜಿಗೆ ಹೋಗಿ ಅದನ್ನೇ ಮಾಡಿಸಿಕೊಂಡರು. ಎಂಜಿನ್ ಕೂತಿತು, ಆದರೆ ಗಾಡಿ ಓಡಲೊಲ್ಲದು! ಕಾರಣ ಹಿಂದಿನ ಹೌಸಿಂಗಿನೊಳಗೆ ಇತ್ತು. ಆ ಪೆಟ್ರೋಲ್ ಜೀಪಿನ ಕ್ರೌನ್-ಪಿನಿಯನ್ ಅನುಪಾತ 5.38, ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲರ್ ಶಾಫ್ಟು ಐದಕ್ಕೂ ಹೆಚ್ಚು ಸುತ್ತು ತಿರುಗಬೇಕು. ಪೆಟ್ರೋಲ್ ಎಂಜಿನ್ ಅಷ್ಟು ಜೋರಾಗಿ ತಿರುಗಬಲ್ಲದು. ಡೀಸೆಲ್ಲಿನದು ಎತ್ತಿನ ಸ್ವಭಾವ: ನಿಧಾನವಾಗಿ, ಬಲವಾಗಿ ಎಳೆಯುತ್ತದೆ, ಹೆಚ್ಚು ಸುತ್ತಿಗೆ ಎಳೆದರೆ ಅರಚುತ್ತದೆ. ಕಡಿಮೆ ಅನುಪಾತದ ಕ್ರೌನ್-ಪಿನಿಯನ್ ಹುಡುಕಿ ಹಾಕಿದ ಮೇಲೆಯೇ ಗಾಡಿ ಹದಕ್ಕೆ ಬಂದದ್ದು. ಹಿಂದೆ ಹಾಕಿದವರು ಮುಂದಿನ ಆಕ್ಸಲ್ಲಿಗೂ ಅದನ್ನೇ ಹಾಕಬೇಕಿತ್ತು. ಇಲ್ಲವಾದರೆ ನಾಲ್ಕು ಚಕ್ರದ ಗೇರಿಗೆ ಹಾಕಿದಾಗ ಮುಂದಿನ ಚಕ್ರಗಳೂ ಹಿಂದಿನವೂ ಒಂದಕ್ಕೊಂದು ಜಗಳಕ್ಕಿಳಿಯುತ್ತಿದ್ದವು.

ಡೀಸೆಲ್ ಎಂಜಿನ್ ಭಾರ, ನಡುಕವೂ ಹೆಚ್ಚು. ಮುಂದಿನ ಪಾಟಾಗಳಿಗೆ ಒಂದು ಪಟ್ಟಿ ಹೆಚ್ಚು ಸೇರಿಸುವುದು, ಎಂಜಿನ್ ಕೂರುವ ರಬ್ಬರ್ ಬದಲಿಸುವುದು, ಬಿರುಕು ಬಿಟ್ಟ ಚಾಸಿಗೆ ವೆಲ್ಡಿಂಗ್ ಹಾಕುವುದು ಇವೆಲ್ಲ ಅದರ ಹಿಂದೆಯೇ ಬಂದವು. ಟ್ರ್ಯಾಕ್ಟರು, ರೈಸ್‌ಮಿಲ್ಲುಗಳನ್ನು ನಂಬಿಕೊಂಡ ಸಿಂಧನೂರಿನಂಥ ಊರುಗಳ ಲೇತ್ ಅಂಗಡಿಗಳಿಗೆ ಇಂಥ ಕೆಲಸ ಅಪರೂಪದ್ದೇನಲ್ಲ. ಸವೆದ ಶಾಫ್ಟು, ಸಿಗದ ಬುಶ್ಶು ಯಾವುದನ್ನು ಕೊಟ್ಟರೂ ಅಳತೆ ತೆಗೆದು ಕಡೆದುಕೊಡುವವರು ಅಲ್ಲಿದ್ದಾರೆ. ಪುಸ್ತಕದಲ್ಲಿ ಎಲ್ಲಿಯೂ ಬರೆಯದ ಆ ಅಳತೆಗಳು ಅವರ ತಲೆಯಲ್ಲಿವೆ.

ಮೂಲವೋ, ಮಾರ್ಪಾಡೋ?

ಈಗ ಕಾಲ ತಿರುಗಿದೆ. ಮೂಲೆಯಲ್ಲಿ ಕೋಳಿ ಗೂಡಾಗಿದ್ದ ಜೀಪಿಗೂ ಬೆಲೆ ಬಂದಿದೆ. ಶ್ರೀರಂಗಪಟ್ಟಣದ ಬಳಿ ‘ಪಯಣ’ ಸಂಗ್ರಹಾಲಯಕ್ಕೆ, ಧರ್ಮಸ್ಥಳದ ‘ಮಂಜೂಷಾ’ಕ್ಕೆ ಹೋದರೆ ಹಳೆಯ ಕಾರುಗಳ ಮುಂದೆ ಮಕ್ಕಳು ಮುತ್ತಿಕೊಂಡಿರುತ್ತಾರೆ. ಕೇಂದ್ರ ಸರಕಾರ 2021ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿಯ ನಿಯಮ ತಂದಿತು. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ. ಪ್ರದರ್ಶನ, ರ್‍ಯಾಲಿ, ದುರಸ್ತಿಗಳಿಗೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕೆ ಅಲ್ಲ.

ಆದರೆ ಷರತ್ತೊಂದಿದೆ: ಗಾಡಿ ಮೂಲ ರೂಪದಲ್ಲಿಯೇ ಇರಬೇಕು, ಚಾಸಿ, ಮೈಕಟ್ಟು, ಎಂಜಿನ್ ಇವುಗಳನ್ನು ಗಣನೀಯವಾಗಿ ಬದಲಾಯಿಸಿರಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ, ತಯಾರಕರು ನಿಗದಿಪಡಿಸಿದ ವಿನ್ಯಾಸವನ್ನು ಮೀರಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಹೇಳಿದೆ. ರಸ್ತೆಯ ಸುರಕ್ಷತೆಗೆ ಇದು ಬೇಕಾದದ್ದೇ. ಆದರೂ ವಿಚಿತ್ರ ನೋಡಿ: ಡೀಸೆಲ್ ಎಂಜಿನ್ ಹಾಕಿಸಿಕೊಂಡಿದ್ದರಿಂದಲೇ ಗುಜರಿಗೆ ಹೋಗದೆ ಉಳಿದ ಜೀಪು, ಅದೇ ಕಾರಣಕ್ಕೆ ವಿಂಟೇಜ್ ಪಟ್ಟಕ್ಕೆ ಅನರ್ಹ. ನಿಂತಲ್ಲೇ ತುಕ್ಕು ಹಿಡಿದದ್ದು ಅರ್ಹ, ಐವತ್ತು ವರ್ಷ ದುಡಿದದ್ದು ಅಲ್ಲ.

ಮೂಲಕ್ಕೆ ಮರಳಿಸಲು ಹೊರಟವರ ಹಾದಿಯೂ ಸುಗಮವಲ್ಲ. ಹಳೆಯ ಪೆಟ್ರೋಲ್ ಎಂಜಿನ್ ಹುಡುಕಬೇಕು. ಸಿಕ್ಕರೂ ಇಂದಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಅದು ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಂಡು ಟ್ಯಾಂಕಿನಲ್ಲಿ ತುಕ್ಕಿಗೆ ದಾರಿ ಮಾಡುತ್ತದೆ. ಕೊಳವೆ, ಪಂಪಿನ ಪೊರೆ, ಗ್ಯಾಸ್ಕೆಟ್ ಇವನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸದೆ ವಿಧಿಯಿಲ್ಲ. ಅಷ್ಟರಮಟ್ಟಿಗೆ ‘ಮೂಲ ರೂಪ’ ಎಂಬುದೂ ಮಾರ್ಪಾಡೇ.

ಮಹೀಂದ್ರ ಸಂಸ್ಥೆ ಇದೇ ಹಳೆಯ ಜೀಪಿನ ಚಹರೆಯ ‘ರಾಕ್ಸರ್’ ಎಂಬ ಗಾಡಿಯನ್ನು 2018ರಲ್ಲಿ ಅಮೆರಿಕಕ್ಕೇ ಒಯ್ದಿತ್ತು. ಈಗಿನ ಜೀಪ್ ಕಂಪನಿ ತಕರಾರು ತೆಗೆದು, ನಮ್ಮ ಜೀಪಿನಂತೆಯೇ ಕಾಣುತ್ತದೆ ಎಂದು ದೂರಿತು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಆ ಮಾದರಿಗೆ ತಡೆ ಹಾಕಿತು. ಮುಖ ಬದಲಿಸಿದ ಮೇಲೆಯೇ ಅದಕ್ಕೆ ಅನುಮತಿ ಸಿಕ್ಕಿದ್ದು.

ಮನೆಯ ಹಿತ್ತಲಲ್ಲೋ ಹೊಲದ ಮೂಲೆಯಲ್ಲೋ ಹಳೆಯ ಜೀಪು ಇದ್ದವರು ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಆರ್.ಸಿ. ಪುಸ್ತಕವನ್ನು ಹುಡುಕಿ ತೆಗೆದಿಡುವುದು ಒಳ್ಳೆಯದು. ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಅದರೊಂದಿಗೆ ತಾಳೆ ನೋಡಬೇಕು. ಹಿಂದೆಂದೋ ಬಿಚ್ಚಿ ಅಟ್ಟಕ್ಕೆ ಹಾಕಿದ ಕಾರ್ಬುರೇಟರ್, ಡೆಲ್ಕೊ, ಸ್ಟಾರ್ಟ್ ಮಾಡುವ ಹ್ಯಾಂಡಲ್ ಇದ್ದರೆ ಅವನ್ನೂ ಎಸೆಯಬಾರದು. ಹ್ಯಾಂಡಲ್ ಹೊಡೆಯಲು ಹುಡುಗರು ಮುಂದಾದರೆ ಒಂದು ಎಚ್ಚರಿಕೆ ಹೇಳಿಕೊಡಬೇಕು: ಹೆಬ್ಬೆರಳು ಉಳಿದ ಬೆರಳುಗಳ ಬದಿಗೇ ಇರಲಿ, ಹ್ಯಾಂಡಲನ್ನು ಕೆಳಗೆ ಒತ್ತದೆ ಮೇಲಕ್ಕೆ ಎಳೆಯಲಿ. ಎಂಜಿನ್ ತಿರುಗಿ ಒದ್ದರೆ ಮುರಿಯುವುದು ಕೈ.