ಫೆಡರ್‌ಶ್ವೆರ್ಟ್

ಫೆಡರ್‌ಶ್ವೆರ್ಟ್ ಎಂಬುದು ಜರ್ಮನ್ ಸಂಪ್ರದಾಯದ ಎರಡು ಕೈಗಳ ಖಡ್ಗವಿದ್ಯೆಯನ್ನು ಅಭ್ಯಾಸ ಮಾಡಲು ಬಳಸುವ, ಮೊಂಡು ಅಂಚಿನ ಉಕ್ಕಿನ ಖಡ್ಗ. ಇದನ್ನು ಸಂಕ್ಷಿಪ್ತವಾಗಿ ಫೆಡರ್ ಎಂದೂ ಕರೆಯುತ್ತಾರೆ. ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ಗರಿ ಎಂಬ ಅರ್ಥವೂ ಸ್ಪ್ರಿಂಗ್ ಎಂಬ ಅರ್ಥವೂ ಇವೆ. ಯುರೋಪಿನ ಐತಿಹಾಸಿಕ ಸಮರಕಲೆಗಳನ್ನು ಹಳೆಯ ಗ್ರಂಥಗಳಿಂದ ಪುನಾರಚಿಸುತ್ತಿರುವ ಇಂದಿನ ಅಭ್ಯಾಸಿಗಳಿಗೆ ಇದು ಮುಖ್ಯ ಸಾಧನವಾಗಿದೆ.

ಹಿನ್ನೆಲೆ

ಯೋಆಖಿಮ್ ಮೇಯರ್ 1570ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಕಟಿಸಿದ ಖಡ್ಗವಿದ್ಯೆಯ ಗ್ರಂಥದ ಚಿತ್ರಗಳಲ್ಲಿ ಇಂತಹ ಖಡ್ಗಗಳು ಕಾಣಸಿಗುತ್ತವೆ. ತೆಳುವಾದ ಉದ್ದನೆಯ ಅಲಗು ಮತ್ತು ಕೈಗಾವಲಿನ ಮುಂದೆ ಎರಡೂ ಬದಿಗೆ ಚಾಚಿದ ಅಗಲವಾದ ಭಾಗ ಇವುಗಳ ಗುರುತು. ಈ ಅಗಲ ಭಾಗವನ್ನು ಶಿಲ್ಟ್ ಎನ್ನಲಾಗುತ್ತದೆ. ಅಂದಿನ ಸಾರ್ವಜನಿಕ ಸ್ಪರ್ಧೆಗಳಲ್ಲಿ ಈ ಖಡ್ಗದಿಂದ ತಿವಿಯುವುದಕ್ಕೆ ಸಾಮಾನ್ಯವಾಗಿ ಅವಕಾಶವಿರಲಿಲ್ಲ. ಇಂದಿನ ಸ್ಪರ್ಧೆಗಳಲ್ಲಿ ತಿವಿತಕ್ಕೆ ಅನುಮತಿಯಿರುವುದರಿಂದ ಹಳೆಯ ಮಾದರಿಯನ್ನು ಯಥಾವತ್ತಾಗಿ ನಕಲು ಮಾಡಿದರೆ ಸಾಲದು.

ವಿನ್ಯಾಸದ ಸಮಸ್ಯೆ

ಅಭ್ಯಾಸದ ಖಡ್ಗವು ಎದುರಾಳಿಯನ್ನು ಗಾಯಗೊಳಿಸಬಾರದು. ಆದರೆ ಕೈಯಲ್ಲಿ ಹರಿತವಾದ ಖಡ್ಗದಂತೆಯೇ ವರ್ತಿಸಬೇಕು. ಈ ಎರಡು ಬೇಡಿಕೆಗಳು ಪರಸ್ಪರ ವಿರುದ್ಧವಾದವು. ಅಂಚನ್ನು ಮೊಂಡಾಗಿಸಲು ಅಲ್ಲಿ ಒಂದೆರಡು ಮಿಲಿಮೀಟರ್ ದಪ್ಪದ ಲೋಹವನ್ನು ಉಳಿಸಬೇಕಾಗುತ್ತದೆ, ಅದರಿಂದ ಅಲಗಿನ ತೂಕ ಏರುತ್ತದೆ. ಅಲಗನ್ನು ಕಿರಿದಾಗಿಸಿ ಈ ತೂಕವನ್ನು ಇಳಿಸುತ್ತಾರೆ. ಕಳೆದುಕೊಂಡ ತೂಕದ ಒಂದು ಭಾಗವನ್ನು ಶಿಲ್ಟ್ ರೂಪದಲ್ಲಿ ಕೈಯ ಬಳಿಗೆ ತರುತ್ತಾರೆ. ಶಿಲ್ಟ್ ಎದುರಾಳಿಯ ಅಲಗು ಬೆರಳುಗಳತ್ತ ಜಾರದಂತೆಯೂ ತಡೆಯುತ್ತದೆ.

ಮಧ್ಯಯುಗದ ಖಡ್ಗಗಳು ಎತ್ತಲಾರದಷ್ಟು ಭಾರವಾಗಿದ್ದವು ಎಂಬುದು ತಪ್ಪು ಕಲ್ಪನೆ. ಎರಡು ಕೈಗಳ ಸಾಮಾನ್ಯ ಖಡ್ಗವೊಂದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ ಮಾತ್ರ. ಅಲ್ಲದೆ ತೂಕವೊಂದನ್ನೇ ಸರಿಹೊಂದಿಸಿದರೆ ಖಡ್ಗ ಸರಿಯಾಗುವುದಿಲ್ಲ. ತಿರುಗಿಸುವಾಗ ಎದುರಾಗುವ ಜಡತ್ವವು ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಕೈಯಿಂದ 90 ಸೆಂಟಿಮೀಟರ್ ದೂರದಲ್ಲಿರುವ 10 ಗ್ರಾಂ ಲೋಹವು, 30 ಸೆಂಟಿಮೀಟರ್ ದೂರದಲ್ಲಿರುವ 90 ಗ್ರಾಂ ಲೋಹದಷ್ಟೇ ತಡೆಯೊಡ್ಡುತ್ತದೆ. ಹೀಗಾಗಿ ಒಟ್ಟು ತೂಕವೂ ಗುರುತ್ವ ಕೇಂದ್ರವೂ ಒಂದೇ ಆಗಿರುವ ಎರಡು ಖಡ್ಗಗಳು ಕೈಗೆ ಬೇರೆಬೇರೆಯಾಗಿಯೇ ತೋರಬಹುದು. ಹಿಡಿಯ ತುದಿಯ ಗುಂಡನ್ನು ಭಾರವಾಗಿಸಿ ಸಮತೋಲನವನ್ನು ಸರಿಪಡಿಸುವ ಸುಲಭೋಪಾಯವು ಅಲಗಿನ ದೋಷವನ್ನು ಮರೆಮಾಚುತ್ತದೆಯೇ ಹೊರತು ನಿವಾರಿಸುವುದಿಲ್ಲ.

ತಿವಿತದ ಸುರಕ್ಷತೆಗೆ ಅಲಗಿನ ಮುಂಭಾಗ ಬಾಗಬೇಕು. ಬಾಗುವಿಕೆಗೆ ತೋರುವ ಬಿಗಿತನ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ದಪ್ಪ ಅರ್ಧಕ್ಕಿಳಿದರೆ ಬಿಗಿತನ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಬುಡದಲ್ಲಿ ದಪ್ಪವಾಗಿದ್ದು ತುದಿಯತ್ತ ತೆಳುವಾಗುವ ಅಲಗು ಅಗತ್ಯ. ಇಡೀ ಅಲಗು ಮೆತುವಾದರೆ ಎರಡು ಖಡ್ಗಗಳು ತಾಗಿದಾಗ ಅದು ತೂಗಾಡಿ, ಒತ್ತಡವನ್ನು ಗ್ರಹಿಸಿ ಪ್ರತಿಕ್ರಿಯಿಸುವ ಜರ್ಮನ್ ವಿಧಾನವೇ ಅಸಾಧ್ಯವಾಗುತ್ತದೆ.

ಮೂಲಮಾದರಿಯ ತಯಾರಿಕೆ

ವಸ್ತುಸಂಗ್ರಹಾಲಯಗಳ ಮೂಲ ಖಡ್ಗಗಳ ಉದ್ದ, ತೂಕ ಹಾಗೂ ಅಲಗಿನುದ್ದಕ್ಕೂ ಬದಲಾಗುವ ದಪ್ಪವನ್ನು ಅಳೆದು ನಕ್ಷೆ ರಚಿಸುವುದು ಉತ್ತಮ ಆರಂಭ. ಅನಂತರ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನು ಕತ್ತರಿಸಿ ಉಜ್ಜಿ ಆಕಾರ ಕೊಡುತ್ತಾರೆ. ಕ್ರೋಮಿಯಂ ಮತ್ತು ವನೇಡಿಯಂ ಬೆರೆತ ಉಕ್ಕು ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಅದನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ತಣಿಸಿ, ಮತ್ತೆ ಕಡಿಮೆ ಉಷ್ಣತೆಯಲ್ಲಿ ಕಾಯಿಸಿ ಹದಗೊಳಿಸಲಾಗುತ್ತದೆ. ಹದ ಸಾಲದಿದ್ದರೆ ಅಲಗು ಗಾಜಿನಂತೆ ಮುರಿಯುತ್ತದೆ. ಹೆಚ್ಚಾದರೆ ಬಾಗಿದ ಅಲಗು ನೇರವಾಗದೆ ಹಾಗೆಯೇ ಉಳಿಯುತ್ತದೆ. ತುದಿಯನ್ನು ಸುರುಳಿಯಾಗಿ ಮಡಚಿ ಅಥವಾ ಅಗಲವಾಗಿಸಿ, ಒತ್ತಡವು ಹೆಚ್ಚು ಜಾಗಕ್ಕೆ ಹರಡುವಂತೆ ಮಾಡುತ್ತಾರೆ. ಹಲವರು ಅದರ ಮೇಲೆ ರಬ್ಬರ್ ಅಥವಾ ಚರ್ಮದ ಹೊದಿಕೆಯನ್ನೂ ತೊಡಿಸುತ್ತಾರೆ.

ಸಿದ್ಧವಾದ ಮಾದರಿಯ ಹಿಡಿಯನ್ನು ಸಡಿಲವಾಗಿ ಹಿಡಿದು ಪಕ್ಕಕ್ಕೆ ಅಲುಗಾಡಿಸಿದರೆ ಅಲಗಿನ ಮೇಲೆ ಒಂದು ಬಿಂದು ಹೆಚ್ಚುಕಡಿಮೆ ನಿಶ್ಚಲವಾಗಿ ನಿಲ್ಲುತ್ತದೆ. ಮೂಲ ಖಡ್ಗದಲ್ಲಿ ಆ ಬಿಂದು ಎಲ್ಲಿದೆಯೋ ಮಾದರಿಯಲ್ಲಿಯೂ ಅಲ್ಲಿಯೇ ಬಂದರೆ ತೂಕದ ಹಂಚಿಕೆ ಮೂಲಕ್ಕೆ ಹತ್ತಿರವಾಗಿದೆ ಎಂದು ತಿಳಿಯಬಹುದು.

ಬಳಕೆ

ಫೆಡರ್ ಮೊಂಡಾಗಿದ್ದರೂ ಬೆರಳಿನ ಮೂಳೆ ಮುರಿಯಬಲ್ಲದು. ಮುಖಕವಚ, ಗಂಟಲು ರಕ್ಷಕ ಮತ್ತು ಭಾರವಾದ ಕೈಗವಸುಗಳಿಲ್ಲದೆ ಇದರಿಂದ ಸೆಣಸುವಂತಿಲ್ಲ. ಉಕ್ಕಿಗೆ ಉಕ್ಕು ತಾಗಿ ಅಂಚಿನಲ್ಲಿ ಮೂಡುವ ಕಚ್ಚುಗಳು ಚರ್ಮವನ್ನು ಸೀಳಬಲ್ಲವು, ಅಲಗಿನ ಬಿರುಕುಗಳೂ ಅಲ್ಲಿಂದಲೇ ಆರಂಭವಾಗುತ್ತವೆ. ಪ್ರತಿ ಅಭ್ಯಾಸದ ನಂತರ ಅವುಗಳನ್ನು ಅರದಿಂದ ಉಜ್ಜಿ ನಯಗೊಳಿಸಬೇಕು.