ಬುಡಾಪೆಸ್ಟ್‌ನ ಪಾಠ, ನ್ಯೂಯಾರ್ಕ್‌ನ ತಟ್ಟೆ

ಹಂಗೇರಿಯ ಯಹೂದಿ ಚೆಲ್ಲೊ ವಾದಕ ಯಾನೋಶ್ ಸ್ಟಾರ್ಕರ್ ಒಂದೇ ಕೃತಿಯನ್ನು ನಾಲ್ಕು ಸಲ ಧ್ವನಿಮುದ್ರಿಸಿದರು. ಆ ತಟ್ಟೆಗಳ ಹಿಂದೆ ಒಂದು ಸಂಗೀತ ಶಾಲೆ, ಒಂದು ಯುದ್ಧ ಮತ್ತು ಊರು ಬಿಟ್ಟು ಬಂದವರ ಒಂದು ಬಳಗವಿದೆ.

1950ರಲ್ಲಿ ನ್ಯೂಯಾರ್ಕ್‌ನಲ್ಲಿ ಇಪ್ಪತ್ತೈದರ ಆಸುಪಾಸಿನ ಇಬ್ಬರು ಹಂಗೇರಿಯನ್ನರು ಒಂದು ಧ್ವನಿಮುದ್ರಣಕ್ಕೆ ಕೂತರು. ಮೈಕಿನ ಮುಂದೆ ಚೆಲ್ಲೊ ಹಿಡಿದು ಕೂತವರು ಯಾನೋಶ್ ಸ್ಟಾರ್ಕರ್. ಯಂತ್ರದ ಹೊಣೆ ಹೊತ್ತವರು ಪೀಟರ್ ಬಾರ್ತೊಕ್, ಅಂದರೆ ಐದು ವರ್ಷದ ಹಿಂದೆ ಅದೇ ನಗರದಲ್ಲಿ ತೀರಿಕೊಂಡಿದ್ದ ಮಹಾನ್ ಸಂಗೀತಕಾರ ಬೇಲಾ ಬಾರ್ತೊಕ್ ಅವರ ಮಗ. ಇಬ್ಬರೂ ಬುಡಾಪೆಸ್ಟ್‌ನಲ್ಲಿ 1924ರ ಜುಲೈ ತಿಂಗಳಲ್ಲೇ ಹುಟ್ಟಿದವರು. ನುಡಿಸಬೇಕಿದ್ದ ಕೃತಿಯೂ ಹಂಗೇರಿಯದೇ: ಝೋಲ್ತಾನ್ ಕೊದಾಯ್ 1915ರಲ್ಲಿ ಒಂಟಿ ಚೆಲ್ಲೊಗೆಂದು ಬರೆದ ಸೊನಾಟಾ, ಓಪಸ್ 8.

ಪೀರಿಯಡ್ ಎಂಬ ಸಣ್ಣ ಕಂಪನಿ ಆ ಮುದ್ರಣವನ್ನು ಎಲ್‌ಪಿ ತಟ್ಟೆಯಾಗಿ ಹೊರತಂದಿತು. ಪಕ್ಕವಾದ್ಯವಿಲ್ಲ, ವಾದ್ಯವೃಂದವಿಲ್ಲ. ಸುಮಾರು ಅರ್ಧ ಗಂಟೆ ಒಂದೇ ವಾದ್ಯ. ಕಮಾನು ತಂತಿಯನ್ನು ಕಚ್ಚುವ ಸದ್ದು, ಬೆರಳು ಮರದ ಮೇಲೆ ಬೀಳುವ ಸದ್ದು ಎಲ್ಲವೂ ಹತ್ತಿರದಿಂದ ಕೇಳುತ್ತಿದ್ದವು. ಸಂಗೀತ ಬಲ್ಲವರು ಅದನ್ನು ವಾದನಕ್ಕಾಗಿ ಕೊಂಡರು, ಹೈ-ಫೈ ಹುಚ್ಚಿನವರು ತಮ್ಮ ಸ್ಪೀಕರ್ ಎಷ್ಟು ಚೆನ್ನಾಗಿದೆ ಎಂದು ತೋರಿಸಲು ಕೊಂಡರು. ಅಮೆರಿಕದಲ್ಲಿ ಸ್ಟಾರ್ಕರ್ ಹೆಸರು ನೆಲೆಯೂರಿದ್ದು ಹೀಗೆ, ವೇದಿಕೆಗಿಂತ ಮೊದಲು ತಟ್ಟೆಯ ಮೂಲಕ. ಆದರೆ ಈ ತಟ್ಟೆ ಒಬ್ಬರ ಸಾಧನೆ ಮಾತ್ರವಲ್ಲ. ಯುದ್ಧ ಒಡೆದು ಚೆಲ್ಲಿದ ಬುಡಾಪೆಸ್ಟ್‌ನ ಒಂದು ಪರಂಪರೆ ಸಾಗರದಾಚೆ ಮತ್ತೆ ಕೂಡಿಕೊಂಡ ಬಗೆ ಅದರಲ್ಲಿದೆ.

ಬಿರಡೆ ತಿರುವಿದ ಕೃತಿ

ಕೊದಾಯ್ ಆ ಸೊನಾಟಾ ಬರೆದಾಗ ಅವರಿಗೆ 32 ವರ್ಷ. ಹತ್ತು ವರ್ಷಗಳಿಂದ ಹಳ್ಳಿ ಹಳ್ಳಿ ತಿರುಗಿ ಜನಪದ ಹಾಡುಗಳನ್ನು ಸಂಗ್ರಹಿಸುತ್ತಿದ್ದರು, ಅದರಲ್ಲಿ ಬೇಲಾ ಬಾರ್ತೊಕ್ ಜೊತೆಗಾರರು. ಸ್ವತಃ ಚೆಲ್ಲೊ ಕೈಗೆತ್ತಿಕೊಂಡು ಕಲಿತವರಾದ್ದರಿಂದ ವಾದ್ಯದ ಮೈ ಅವರಿಗೆ ಗೊತ್ತಿತ್ತು. ಬಾಖ್ ಬರೆದ ಆರು ಸ್ವೀಟ್‌ಗಳಾಗಿ ಎರಡು ಶತಮಾನ ಕಳೆಯುತ್ತ ಬಂದಿದ್ದರೂ ಒಂಟಿ ಚೆಲ್ಲೊಗೆ ಆ ತೂಕದ ಇನ್ನೊಂದು ಕೃತಿ ಬಂದಿರಲಿಲ್ಲ. ಕೊದಾಯ್ ಅಲ್ಲಿಗೆ ಕೈ ಹಾಕಿದರು.

ಮೊದಲ ಕೆಲಸವೇ ಶ್ರುತಿ ಕೆಡಿಸುವುದು. ಚೆಲ್ಲೊದ ನಾಲ್ಕು ತಂತಿಗಳಲ್ಲಿ ಕೆಳಗಿನ ಎರಡನ್ನು ಅರ್ಧ ಸ್ವರ ಇಳಿಸಬೇಕು. ಸಿ ತಂತಿ ಬಿ ಆಗುತ್ತದೆ, ಜಿ ತಂತಿ ಎಫ್ ಶಾರ್ಪ್ ಆಗುತ್ತದೆ. ಮೇಲಿನ ಡಿ ಮತ್ತು ಎ ಹಾಗೆಯೇ ಉಳಿಯುತ್ತವೆ. ಈಗ ಬರಿಯ ತಂತಿಗಳನ್ನು ಎಳೆದರೂ ಬಿ ಮೈನರ್‌ನ ದಟ್ಟ ನಾದ ಎದ್ದು ನಿಲ್ಲುತ್ತದೆ, ಮಂದ್ರ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಆದರೆ ನುಡಿಸುವವನ ಪಾಡು ಬೇರೆ. ಎರಡು ತಂತಿಯಲ್ಲಿ ಬೆರಳು ಬಲ್ಲ ಜಾಗದಲ್ಲಿ ಸ್ವರ ಇಲ್ಲ, ಉಳಿದೆರಡರಲ್ಲಿ ಇದೆ. ವರ್ಷಗಟ್ಟಲೆ ಸಾಧಿಸಿದ ಅಭ್ಯಾಸವೇ ಎದುರು ನಿಲ್ಲುತ್ತದೆ.

ಇದರ ಮೇಲೆ ಮೂರು ಚಲನೆಗಳು, ಅಂದರೆ ಭಾಗಗಳು. ಕೊನೆಯದರಲ್ಲಿ ಹಳ್ಳಿಯ ಕುಣಿತವೇ ಇಳಿದು ಬಂದಂತಿದೆ. ತಂತಿಗಳ ಮೇಲೆ ಪುಟ್ಟ ಕೋಲುಗಳಿಂದ ಬಡಿಯುವ ಸಿಂಬಾಲೊಮ್, ಗಾಳಿಚೀಲದ ಪೀಪಿ, ಎಲ್ಲವನ್ನೂ ಒಂದೇ ಚೆಲ್ಲೊ ನಟಿಸಬೇಕು. ಬಲಗೈ ಕಮಾನು ಎಳೆಯುತ್ತಿರುವಾಗಲೇ ಎಡಗೈ ಬೆರಳು ಇನ್ನೊಂದು ತಂತಿಯನ್ನು ಮೀಟಬೇಕು. 1918ರಲ್ಲಿ ಬುಡಾಪೆಸ್ಟ್‌ನಲ್ಲಿ ಇದನ್ನು ಮೊದಲು ಸಾರ್ವಜನಿಕವಾಗಿ ನುಡಿಸಿದವರು ಯೆನೊ ಕೆರ್ಪೆಲಿ. 1923ರಲ್ಲಿ ಸಾಲ್ಸ್‌ಬರ್ಗ್‌ನ ಹೊಸ ಸಂಗೀತದ ಉತ್ಸವದಲ್ಲಿ ಯುರೋಪಿನ ಕೇಳುಗರ ಮುಂದಿಟ್ಟವರು ಪಾಲ್ ಹರ್ಮನ್ ಎಂಬ 21ರ ಯಹೂದಿ ಯುವಕ.

ಪಾಪರ್‌ನಿಂದ ಬಂದ ಕೈ

ಕೆರ್ಪೆಲಿ, ಹರ್ಮನ್, ಸ್ಟಾರ್ಕರ್, ಈ ಮೂವರ ಕೈಯೂ ಒಂದೇ ಮೂಲದಿಂದ ಬಂದದ್ದು. ಪ್ರಾಗ್‌ನ ಯಹೂದಿ ಕೇರಿಯಲ್ಲಿ ಹುಟ್ಟಿದ ಡೇವಿಡ್ ಪಾಪರ್ 1886ರಿಂದ 1913ರಲ್ಲಿ ತೀರಿಕೊಳ್ಳುವವರೆಗೆ ಬುಡಾಪೆಸ್ಟ್‌ನ ಲಿಸ್ಟ್ ಅಕಾಡೆಮಿಯಲ್ಲಿ ಚೆಲ್ಲೊ ಕಲಿಸಿದರು. ಅವರು ಬರೆದ ಅಭ್ಯಾಸ ಪಾಠಗಳನ್ನು ದಾಟದೆ ಇಂದಿಗೂ ಚೆಲ್ಲೊ ವಾದಕರಾಗುವವರು ವಿರಳ. ಕೆರ್ಪೆಲಿ ಪಾಪರ್ ಅವರ ಶಿಷ್ಯ. ಇನ್ನೊಬ್ಬ ಶಿಷ್ಯ ಅಡಾಲ್ಫ್ ಶಿಫರ್ ಗುರುವಿನ ಪೀಠಕ್ಕೆ ಬಂದರು. ಹರ್ಮನ್ ಮತ್ತು ಸ್ಟಾರ್ಕರ್ ಇಬ್ಬರೂ ಶಿಫರ್ ಬಳಿ ಕಲಿತವರು.

ಸ್ಟಾರ್ಕರ್ ತಂದೆ ದರ್ಜಿ. ಅಣ್ಣಂದಿರಾದ ತಿಬೊರ್ ಮತ್ತು ಎಡೆ ಪಿಟೀಲು ಕಲಿಯುತ್ತಿದ್ದರು. ಕಿರಿಯವನ ಕೈಗೆ ಆರನೆಯ ವಯಸ್ಸು ತುಂಬುವ ಹೊತ್ತಿಗೆ ಚೆಲ್ಲೊ ಬಂತು. ಎಂಟನೆಯ ವಯಸ್ಸಿಗೆ ತನಗಿಂತ ಚಿಕ್ಕವರಿಗೆ ಪಾಠ ಹೇಳಲು ಶುರುಮಾಡಿದ. ಹದಿನಾಲ್ಕರಲ್ಲಿ ಒಂದು ದಿನ, ನುಡಿಸಬೇಕಿದ್ದ ಕಲಾವಿದರು ಬರಲಾಗದೆ, ಮೂರು ಗಂಟೆ ಮೊದಲು ಬಂದ ಕರೆಗೆ ಓಗೊಟ್ಟು ದ್ವೋರ್ಜಾಕ್ ಕಾನ್ಚೆರ್ಟೊ ನುಡಿಸಿದ.

ಮರುವರ್ಷ, 1939ರಲ್ಲಿ, ಹದಿನೈದರ ಈ ಹುಡುಗ ಕೊದಾಯ್ ಎದುರಿಗೇ ಅವರ ಸೊನಾಟಾ ನುಡಿಸಿದ. ಮೊದಲ ಚಲನೆ ತೀರಾ ವೇಗ, ಎರಡನೆಯದು ಅಡ್ಡಿಯಿಲ್ಲ, ಮೂರನೆಯದರಲ್ಲಿ ತುಂಡು ತುಂಡು ಮಾಡಬೇಡ. ಇಷ್ಟು ಹೇಳಿ ಕೊದಾಯ್ ಹೊರಟು ಬಿಟ್ಟರು ಎಂದು ಸ್ಟಾರ್ಕರ್ ಮುಂದೆ ಹೇಳುತ್ತಿದ್ದರು. ಹೊಗಳಿಕೆ ಇಲ್ಲದ ಆ ಮೂರು ಮಾತುಗಳು ಅವರ ಜೊತೆ ಬಹಳ ದೂರ ಬಂದವು.

ಉಳಿದವರು, ಉಳಿಯದವರು

ಹಂಗೇರಿಯಲ್ಲಿ ಯಹೂದಿಗಳ ಮೇಲಿನ ಕಾನೂನುಗಳು 1938ರಿಂದ ಒಂದೊಂದಾಗಿ ಬಿಗಿಯಾಗುತ್ತ ಹೋದವು. ಯಹೂದಿ ಗಂಡಸರನ್ನು ಬಂದೂಕಿಲ್ಲದ ಸೈನಿಕರಂತೆ ಕಡ್ಡಾಯ ದುಡಿಮೆಯ ದಳಗಳಿಗೆ ಸೇರಿಸಲಾಯಿತು. ಸ್ಟಾರ್ಕರ್ ಅಣ್ಣಂದಿರಿಬ್ಬರೂ ಹಾಗೆ ಹೋದವರು ಮರಳಲಿಲ್ಲ, ನಾಜಿಗಳ ಕೈಯಲ್ಲಿ ಹತರಾದರು. ವಯಸ್ಸು ಚಿಕ್ಕದಾದ್ದರಿಂದ ಕಿರಿಯವನು ಅದರಿಂದ ತಪ್ಪಿಸಿಕೊಂಡರೂ, ಡ್ಯಾನ್ಯೂಬ್ ನದಿಯ ಚೆಪೆಲ್ ದ್ವೀಪದ ಶಿಬಿರದಲ್ಲಿ ತಿಂಗಳುಗಟ್ಟಲೆ ಸೆರೆಯಿರಬೇಕಾಯಿತು.

ಸಾಲ್ಸ್‌ಬರ್ಗ್‌ನಲ್ಲಿ ಕೊದಾಯ್ ನುಡಿಸಿದ್ದ ಪಾಲ್ ಹರ್ಮನ್ ಆಗ ಫ್ರಾನ್ಸಿನಲ್ಲಿದ್ದರು. 1944ರ ಏಪ್ರಿಲ್‌ನಲ್ಲಿ ತುಲೂಸ್‌ನಲ್ಲಿ ಅವರನ್ನು ಹಿಡಿದರು. ಮೇ ತಿಂಗಳಲ್ಲಿ ಡ್ರಾನ್ಸಿ ಶಿಬಿರದಿಂದ ಬಾಲ್ಟಿಕ್ ಕಡೆಗೆ ಹೊರಟ ರೈಲಿಗೆ ಹತ್ತಿಸಿದರು. ಆಮೇಲೆ ಅವರ ಸುದ್ದಿ ಇಲ್ಲ. ಇಡೀ ಸೊನಾಟಾವನ್ನು ಹಿಡಿದಿಡಬಲ್ಲ ಎಲ್‌ಪಿ ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಒಂದೇ ಗುರುವಿನ ಇಬ್ಬರು ಶಿಷ್ಯರಲ್ಲಿ ಯಾರ ಚೆಲ್ಲೊ ಆ ತಟ್ಟೆಗೆ ಏರಬೇಕು ಎಂಬುದನ್ನು ತೀರ್ಮಾನಿಸಿದ್ದು ಸಂಗೀತವಲ್ಲ.

ಯುದ್ಧ ಮುಗಿದ ಮೇಲೆ ಸ್ಟಾರ್ಕರ್ ಬುಡಾಪೆಸ್ಟ್ ಆಪೆರಾದ ಮುಖ್ಯ ಚೆಲ್ಲೊ ವಾದಕರಾದರು. 1946ರಲ್ಲಿ ಊರು ಬಿಟ್ಟರು. ವಿಯೆನ್ನಾ, ಜಿನೀವಾ, ಕೊನೆಗೆ ಪ್ಯಾರಿಸ್. ಹೊರಗೆ ನೆಲೆಯಿಲ್ಲದ ಆ ಕಾಲದಲ್ಲೇ ಒಳಗೂ ನೆಲ ಅಲುಗಿತು. ಬಾಲಪ್ರತಿಭೆಗಳು ಹಕ್ಕಿಯ ಹಾಗೆ, ಹೇಗೆ ಹಾಡುತ್ತೇವೆಂದು ಅರಿಯದೆ ಹಾಡುತ್ತಾರೆ, ಒಂದು ದಿನ ಆ ಪ್ರಶ್ನೆ ಎದ್ದರೆ ಹಾಡೇ ನಿಂತುಹೋಗಬಹುದು ಎಂಬುದು ಅವರದೇ ವಿವರಣೆ. ಅವರಿಗೆ ಆ ಪ್ರಶ್ನೆ ಎದ್ದಿತ್ತು. ಭುಜ, ಮೊಣಕೈ, ಮಣಿಕಟ್ಟು, ಉಸಿರು, ಯಾವುದು ಯಾವಾಗ ಏನು ಮಾಡುತ್ತದೆ ಎಂದು ತಮ್ಮ ವಾದನವನ್ನು ಬಿಡಿ ಭಾಗಗಳಾಗಿ ಬಿಚ್ಚಿ ನೋಡಿ ಮತ್ತೆ ಜೋಡಿಸಿದರು.

ಹಾಗೆ ಜೋಡಿಸಿಕೊಂಡ ಕೈಯಿಂದಲೇ ಪ್ಯಾರಿಸ್‌ನಲ್ಲಿ ಕೊದಾಯ್ ಸೊನಾಟಾದ ಮೊದಲ ಮುದ್ರಣ ನಡೆಯಿತು. ಅದು 78 ಸುತ್ತಿನ ತಟ್ಟೆಗಳ ಕಾಲ. ಒಂದು ಬದಿಗೆ ನಾಲ್ಕೈದು ನಿಮಿಷ ಹಿಡಿಸಿದರೆ ಹೆಚ್ಚು. ಅರ್ಧ ಗಂಟೆಯ ಕೃತಿ ತುಂಡು ತುಂಡಾಗಿಯೇ ಕೇಳುಗರ ಮನೆ ಸೇರಬೇಕಿತ್ತು. ಆದರೂ 1948ರಲ್ಲಿ ಅದಕ್ಕೆ ಫ್ರಾನ್ಸಿನ ಗ್ರಾಂ ಪ್ರಿ ದ್ಯು ದಿಸ್ಕ್ ಪ್ರಶಸ್ತಿ ಬಂತು.

ಅಮೆರಿಕದಲ್ಲೊಂದು ಬುಡಾಪೆಸ್ಟ್

ಅದೇ 1948ರಲ್ಲಿ ಅಮೆರಿಕದ ಡಲ್ಲಾಸ್ ಸಿಂಫನಿಯಿಂದ ಕೆಲಸದ ಕರೆ ಬಂತು. ಕರೆದವರು ಅಲ್ಲಿನ ನಿರ್ದೇಶಕ ಅಂತಾಲ್ ದೊರಾತಿ, ಬುಡಾಪೆಸ್ಟ್‌ನ ಯಹೂದಿ, ಲಿಸ್ಟ್ ಅಕಾಡೆಮಿಯಲ್ಲಿ ಕೊದಾಯ್ ಶಿಷ್ಯ. ಮರುವರ್ಷ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾಗೆ ಕರೆಸಿಕೊಂಡವರು ಫ್ರಿಟ್ಜ್ ರೈನರ್. ಅವರೂ ಬುಡಾಪೆಸ್ಟ್‌ನ ಯಹೂದಿ, ಅದೇ ಅಕಾಡೆಮಿ. 1953ರಲ್ಲಿ ರೈನರ್ ಷಿಕಾಗೊ ಸಿಂಫನಿಗೆ ಹೋದಾಗ ಸ್ಟಾರ್ಕರ್ ಅವರನ್ನೂ ಮುಖ್ಯ ಚೆಲ್ಲೊ ವಾದಕರಾಗಿ ಜೊತೆಗೆ ಕರೆದೊಯ್ದರು.

ಪೀಟರ್ ಬಾರ್ತೊಕ್ ಜೊತೆಗಿನ 1950ರ ಮುದ್ರಣ ಈ ನಡುವಿನದು. ತಟ್ಟೆ ಎಲ್‌ಪಿ ಆದ್ದರಿಂದ ಒಂದೊಂದು ಚಲನೆಯೂ ಉಸಿರು ಕಡಿಯದೆ ಕೇಳುಗರಿಗೆ ತಲುಪುವಂತಾಯಿತು. ಮೂರನೆಯ ಚಲನೆಯನ್ನು ತುಂಡು ಮಾಡಬೇಡ ಎಂಬ ಕೊದಾಯ್ ಮಾತಿಗೆ ತಂತ್ರಜ್ಞಾನವೂ ಈಗ ಅನುಕೂಲವಾಗಿತ್ತು. 1957ರಲ್ಲಿ ಇಎಂಐ ಕಂಪನಿಗಾಗಿ ಮೂರನೆಯ ಮುದ್ರಣ, 1970ರಲ್ಲಿ ಜಪಾನಿನಲ್ಲಿ ನಾಲ್ಕನೆಯದು. 1967ರಲ್ಲಿ, ಕೊದಾಯ್ ತೀರಿಕೊಳ್ಳುವ ಕೆಲವೇ ದಿನಗಳ ಮೊದಲು, ಅವರ ಮುಂದೆ ಮತ್ತೊಮ್ಮೆ ನುಡಿಸುವ ಅವಕಾಶವೂ ಒದಗಿತು. ಮೂರನೆಯ ಚಲನೆಯಲ್ಲಿ ಲಯ ನಿಧಾನಿಸುವ ಒಂದೆಡೆ ತಿದ್ದಿಕೊಂಡರೆ ಇದೇ ಪ್ರಮಾಣ ಪಾಠವಾಗುತ್ತದೆ ಎಂಬ ಅರ್ಥದ ಮಾತನ್ನು ವೃದ್ಧ ಗುರು ಆಡಿದರಂತೆ. 28 ವರ್ಷದ ನಂತರವೂ ತಿದ್ದುಪಡಿ ಮೂರನೆಯ ಚಲನೆಗೇ.

ಒಂದೇ ಕೃತಿಗೆ ಮರಳಿ ಮರಳಿ ಬರುವ ಈ ಮನೋಭಾವ ಬಾಖ್ ವಿಷಯದಲ್ಲೂ ಕಾಣುತ್ತದೆ. ಸ್ಟಾರ್ಕರ್ ಬಾಖ್ ಸ್ವೀಟ್‌ಗಳನ್ನು ಮತ್ತೆ ಮತ್ತೆ ಮುದ್ರಿಸಿದರು. ಅವುಗಳಲ್ಲಿ ಮರ್ಕ್ಯುರಿ ಕಂಪನಿಗಾಗಿ 1963 ಮತ್ತು 1965ರಲ್ಲಿ ರಾಬರ್ಟ್ ಫೈನ್, ವಿಲ್ಮಾ ಕೊಜಾರ್ಟ್ ಫೈನ್ ದಂಪತಿಯ ತಂಡ ಮಾಡಿದ ಮುದ್ರಣವನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಅದೇ ಕಂಪನಿಗೆ 1962ರಲ್ಲಿ ದೊರಾತಿ ನಿರ್ದೇಶನದ ಲಂಡನ್ ಸಿಂಫನಿಯೊಂದಿಗೆ ದ್ವೋರ್ಜಾಕ್ ಕಾನ್ಚೆರ್ಟೊ ನುಡಿಸಿದರು. ಬಾಖ್‌ನ ಕೊನೆಯ ಮುದ್ರಣಕ್ಕೆ 1998ರಲ್ಲಿ ಗ್ರ್ಯಾಮಿ ಬಂತು. ಆಗ ಅವರಿಗೆ 73.

ಎಲ್ಲರಿಗೂ ಈ ವಾದನ ಹಿಡಿಸಲಿಲ್ಲ. ತಣ್ಣಗಿದೆ, ಎದೆ ಕರಗುವುದಿಲ್ಲ ಎಂದ ವಿಮರ್ಶಕರಿದ್ದರು. ಸ್ಟಾರ್ಕರ್ ಕಣ್ಣು ಮುಚ್ಚಿ ತೂಗುತ್ತಿರಲಿಲ್ಲ, ಮುಖದಲ್ಲಿ ಭಾವ ತೋರುತ್ತಿರಲಿಲ್ಲ. ರೋಮಾಂಚನ ಆಗಬೇಕಾದದ್ದು ಕೇಳುಗನಿಗೆ, ವಾದಕನಿಗಲ್ಲ ಎಂಬುದು ಅವರ ನಿಲುವು. 1950ರ ಕೊದಾಯ್ ಕೇಳಿದರೆ ಆ ನಿಲುವಿನ ಬಲ ತಿಳಿಯುತ್ತದೆ. ಮೂರನೆಯ ಚಲನೆಯ ಓಟದಲ್ಲೂ ಒಂದು ಸ್ವರ ಮಸುಕಾಗುವುದಿಲ್ಲ, ಕುಣಿತದ ಹೆಜ್ಜೆ ಒಂದೂ ತಪ್ಪುವುದಿಲ್ಲ. ಮೈ ಜುಮ್ಮೆನ್ನುವುದು ಆ ಸ್ಪಷ್ಟತೆಯಿಂದಲೇ.

ಜೋಳದ ಹೊಲಗಳ ನಡುವಿನ ಶಾಲೆ

1958ರಲ್ಲಿ ಸ್ಟಾರ್ಕರ್ ಷಿಕಾಗೊ ಬಿಟ್ಟು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದರು. ಮುಸುಕಿನ ಜೋಳ ಬೆಳೆಯುವ ನಾಡಿನ ಬ್ಲೂಮಿಂಗ್ಟನ್ ಎಂಬ ಚಿಕ್ಕ ಊರು. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಪಿಯಾನೊ ವಾದಕ ಮೆನಾಹೆಮ್ ಪ್ರೆಸ್ಲರ್ ಅಲ್ಲಿ ಆಗಲೇ ಇದ್ದರು. ಲಿಸ್ಟ್ ಅಕಾಡೆಮಿಯವರೇ ಆದ ಪಿಯಾನೊ ವಾದಕ ದ್ಯೊರ್ದ್ ಶೆಬೊಕ್ ಬಂದು ಸೇರಿದರು. ಸ್ಟಾರ್ಕರ್ ಮತ್ತು ಶೆಬೊಕ್ ಜೊತೆಯಾಗಿ ಬ್ರಾಮ್ಸ್ ಸೊನಾಟಾಗಳನ್ನು ಮುದ್ರಿಸಿದರು.

ಯುದ್ಧಾನಂತರ ತಮ್ಮ ಕೈಯನ್ನು ಬಿಚ್ಚಿ ಜೋಡಿಸಿದ ಅನುಭವ ಇಲ್ಲಿ ಪಾಠಕ್ರಮವಾಯಿತು. ಪ್ರತಿಭೆ ಎಂದು ಕೈಚೆಲ್ಲಿ ಬಿಟ್ಟಿದ್ದನ್ನು ಅವರು ಹಂತ ಹಂತವಾಗಿ ವಿವರಿಸಬಲ್ಲವರಾಗಿದ್ದರು. ಎಡಗೈ ಬೆರಳುಗಳ ಬಗ್ಗೆ 1961ರಲ್ಲಿ ಪುಸ್ತಕ ಬರೆದರು. ವಾದ್ಯದ ತಂತಿಗಳನ್ನು ಹೊತ್ತ ಕುದುರೆಯಲ್ಲಿ ಶಂಕುವಿನಾಕಾರದ ತೂತುಗಳನ್ನು ಕೊರೆದು ನಾದ ಹೆಚ್ಚಿಸುವ ಪ್ರಯೋಗವನ್ನೂ ಮಾಡಿದರು. 1965ರಿಂದ ಅವರು ನುಡಿಸಿದ್ದು ವೆನಿಸ್‌ನ ಮತ್ತೆಯೊ ಗೊಫ್ರಿಲ್ಲರ್ 1705ರಲ್ಲಿ ಮಾಡಿದ ಚೆಲ್ಲೊ. ಕಛೇರಿಗಳು, ಮುದ್ರಣಗಳು ಒಂದು ಕಡೆ ನಡೆಯುತ್ತಲೇ ಇದ್ದವು. ಆದರೆ ಪಾಠವೇ ಬದುಕಿನ ಮುಖ್ಯ ಕೆಲಸ ಎಂದು ನಂಬಿದ್ದರು. 2013ರ ಏಪ್ರಿಲ್ 28ರಂದು ಬ್ಲೂಮಿಂಗ್ಟನ್‌ನಲ್ಲೇ ತೀರಿಕೊಂಡರು.

ಅವರ ಶಿಷ್ಯರಲ್ಲಿ ಜಪಾನಿನ ತ್ಸುಯೊಶಿ ತ್ಸುತ್ಸುಮಿ ಇದ್ದಾರೆ, ಜರ್ಮನಿಯ ಮಾರಿಯಾ ಕ್ಲೀಗೆಲ್ ಇದ್ದಾರೆ. ಕ್ಲೀಗೆಲ್ ನಾಕ್ಸೋಸ್ ಕಂಪನಿಗಾಗಿ ಕೊದಾಯ್ ಸೊನಾಟಾವನ್ನು ತಾವೇ ಮುದ್ರಿಸಿದರು. ಇಂದು ಚೆಲ್ಲೊ ಸ್ಪರ್ಧೆಗಳಲ್ಲಿ, ಪದವಿ ಪರೀಕ್ಷೆಗಳಲ್ಲಿ ಅದು ಮಾಮೂಲು ಕೃತಿ. ಒಂದು ಕಾಲಕ್ಕೆ ಬೆರಳೆಣಿಕೆಯ ಜನ ಮುಟ್ಟುತ್ತಿದ್ದದ್ದನ್ನು ಈಗ ಇಪ್ಪತ್ತರ ಹುಡುಗ ಹುಡುಗಿಯರು ಬಿರಡೆ ತಿರುವಿ ಧೈರ್ಯವಾಗಿ ಎತ್ತಿಕೊಳ್ಳುತ್ತಾರೆ. ಪಾಪರ್ ಶಿಫರ್‌ಗೆ, ಶಿಫರ್ ಸ್ಟಾರ್ಕರ್‌ಗೆ ಕೊಟ್ಟದ್ದು ಎದುರುಬದುರು ಕೂತು ಕೊಟ್ಟ ಪಾಠ. ಆ ಕೊಂಡಿಯನ್ನು ಕಡಿಯಲು ಒಂದು ಆಡಳಿತವೇ ನಿಂತಿತ್ತು, ಅನೇಕ ಕಡೆ ಕಡಿದೂ ಹಾಕಿತು. ಉಳಿದವರು ಎರಡು ಕೆಲಸ ಮಾಡಿದರು: ಕೇಳಿದ್ದನ್ನು ತಟ್ಟೆಗೆ ಹಾಕಿದರು, ಕಲಿತದ್ದನ್ನು ಯಾರು ಬಂದು ಕೇಳಿದರೂ ಹೇಳಿಕೊಟ್ಟರು. ತಟ್ಟೆ ಸ್ಟಾರ್ಕರ್ ಹೆಸರನ್ನು ಉಳಿಸಿತು, ಕೊದಾಯ್ ಸೊನಾಟಾವನ್ನು ಉಳಿಸಿದ್ದು ಪಾಠ.