ಬಿಸಿಲಿನಲ್ಲಿ ನಾಯಿಯನ್ನು ಗಾಡಿಯಲ್ಲಿ ಒಯ್ಯುವಾಗ

ಹಿಂಡು ಒಂದೂರಿಂದ ಇನ್ನೊಂದೂರಿಗೆ ಹೊರಟಾಗ ನಮ್ಮಲ್ಲಿ ಕುರಿ ಎಣಿಸುತ್ತಾರೆ, ಮರಿ ಎಣಿಸುತ್ತಾರೆ, ಕೊಡ ಪಾತ್ರೆಗಳನ್ನೂ ಎಣಿಸುತ್ತಾರೆ. ನಾಯಿಯನ್ನು ಮಾತ್ರ ಎಲ್ಲಾ ಏರಿಸಿದ ಮೇಲೆ ಉಳಿದ ಸಂದಿಯಲ್ಲಿ ತುರುಕುತ್ತಾರೆ. ಮಳೆಗಾಲ, ಚಳಿಗಾಲದಲ್ಲಿ ಇದು ನಡೆದೀತು. ಮಾರ್ಚ್‌ನಿಂದ ಜೂನ್ ಮೊದಲ ಮಳೆವರೆಗೆ ನಡೆಯುವುದಿಲ್ಲ. ಕನಕಗಿರಿ, ತಾವರಗೇರಾ, ಕುಷ್ಟಗಿ ಸೀಮೆಯಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ.

ಹಿಂದೆ ಹಿಂಡಿನ ಜೊತೆ ನಾಯಿಯೂ ನಡೆದೇ ಬರುತ್ತಿತ್ತು. ಈಗ ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಕುರಿ ನಿಲ್ಲಿಸಲು ಗಂಗಾವತಿ, ಕಾರಟಗಿ ಕಡೆ ಹೋಗುವವರಲ್ಲಿ ಎಷ್ಟೋ ಮಂದಿ ಟಾಟಾ ಏಸ್ ಗಾಡಿ ಮಾಡುತ್ತಾರೆ. ಸಣ್ಣ ಮರಿ, ಸಾಮಾನು, ನಾಯಿ ಎಲ್ಲಾ ಅದರಲ್ಲೇ. ಸಂತೆಗೆ ಹೋಗುವವರು, ಮುಧೋಳ ಕಡೆಯಿಂದ ನಾಯಿಮರಿ ತರುವವರು ಬೇರೆ. ನಮ್ಮಲ್ಲಿ ನಲವತ್ತು ಕುರಿ, ಎರಡು ನಾಯಿ ಇವೆ. ನಾಲ್ಕೈದು ಬೇಸಿಗೆ ಇವನ್ನು ಗಾಡಿಯಲ್ಲಿ ಒಯ್ದ ಅನುಭವ, ಪಶುವೈದ್ಯರಿಂದ ಕೇಳಿ ತಿಳಿದ ಮಾತು ಎರಡನ್ನೂ ಇಲ್ಲಿ ಬರೆದಿದ್ದೇನೆ.

ಕುರಿಗಾರನಿಗೆ ನಾಯಿ ಶೋಕಿಯಲ್ಲ. ನಮ್ಮ ಗುಡ್ಡಗಳಲ್ಲಿ ತೋಳ ಇನ್ನೂ ಇದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸರಕಾರ ತೋಳಧಾಮವನ್ನೇ ಮಾಡಿದೆ. ತೋಳ ಬದುಕಬೇಕು, ನಮ್ಮ ಮರಿಯೂ ಉಳಿಯಬೇಕು ಅಂದರೆ ನಡುವೆ ಒಳ್ಳೆಯ ನಾಯಿ ಬೇಕೇ ಬೇಕು. ಅಂಥ ನಾಯಿ ತಯಾರಾಗಲು ಎರಡು ವರ್ಷ ಹಿಡಿಯುತ್ತದೆ. ಕೆಡಲು ಅರ್ಧ ತಾಸು ಸಾಕು.

ಬಿಸಿಲಲ್ಲಿ ಬೆಳೆದ ನಾಯಿಗೆ ಏನಾಗತೈತಿ?

ಎರಡು ವರ್ಷದ ಹಿಂದೆ ಪಕ್ಕದ ಊರಿನವರೊಬ್ಬರು ಏಪ್ರಿಲ್‌ನಲ್ಲಿ ಸಂತೆಯಿಂದ ಬರುವಾಗ ನಾಯಿಯನ್ನು ಗಾಡಿಯಲ್ಲಿ ಕುರಿಗಳ ನಡುವೆ ಕಟ್ಟಿದ್ದರು. ಕಚ್ಚೀತೆಂದು ಬಾಯಿಗೆ ಹಗ್ಗ ಬಿಗಿದಿದ್ದರು. ಮೇಲೆ ತಾಡಪತ್ರಿ. ದಾರಿಯಲ್ಲಿ ಊಟಕ್ಕೆಂದು ಗಾಡಿ ನಿಂತಿತು. ಊಟ ಮುಗಿಸಿ ನೋಡಿದರೆ ಕುರಿ ಎಲ್ಲಾ ನೆಟ್ಟಗಿವೆ, ನಾಯಿ ಮಾತ್ರ ಸತ್ತಿದೆ. "ಹುಟ್ಟಿದಾಗಿಂದ ಬಿಸಿಲಾಗ ಬೆಳದ ನಾಯಿ ಅದು ತಮ್ಮಾ, ಬಿಸಿಲಿಗೆ ಸಾಯತೈತಿ ಅಂದ್ರ ನಂಬಾಕ ಆಗವಲ್ದು" ಎಂದು ಆ ಕಾಕಾ ನನಗೆ ಹೇಳಿದರು. ಆ ಬೇಸಿಗೆಯಲ್ಲಿ ಅವರ ಮರಿಗಳು ತೋಳದ ಬಾಯಿಗೆ ಹೋದವು. ಹೊಸ ನಾಯಿ ಕೆಲಸ ಕಲಿಯುವವರೆಗೆ ಮನೆಯವರೆಲ್ಲ ಸರದಿ ಮೇಲೆ ರಾತ್ರಿ ಎದ್ದು ಕೂತರು.

ಕಾಕಾ ಕೇಳಿದ್ದಕ್ಕೆ ಉತ್ತರ ನಾಯಿಯ ಮೈಯಲ್ಲೇ ಇದೆ. ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಪಂಜದ ಅಡಿಯಲ್ಲಿ ಬಿಟ್ಟರೆ ಹೇಳಿಕೊಳ್ಳುವಂಥ ಬೆವರಿಲ್ಲ. ಬಾಯಿ ತೆರೆದು ನಾಲಿಗೆ ಚಾಚಿ ತೇಕುವುದೇ ಅದರ ಬೆವರು. ನಾಲಿಗೆ, ಮೂಗಿನ ತೇವ ಆರುವಾಗ ಒಳಗಿನ ಕಾವು ಇಳಿಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೇ. ತೇವ ಆರಬೇಕಾದರೆ ಗಾಳಿ ಆಡಬೇಕು, ಆ ಗಾಳಿ ಒಣಗಿರಬೇಕು. ಬಾಯಿ ಕಟ್ಟಿದರೆ ತೇಕಲು ಬರುವುದಿಲ್ಲ. ಗಾಳಿ ಕಟ್ಟಿದರೆ ತೇಕಿ ಉಪಯೋಗವಿಲ್ಲ. ಆ ನಾಯಿಗೆ ಎರಡೂ ಕಟ್ಟಿದ್ದವು.

ಇನ್ನೊಂದು ಮಾತು. ಅಡವಿಯಲ್ಲಿ ನಾಯಿ ತನ್ನ ಜಾಗ ತಾನೇ ಹುಡುಕುತ್ತದೆ. ಬೇವಿನ ನೆರಳಿಗೆ ಸರಿಯುತ್ತದೆ, ಮಣ್ಣು ಕೆದರಿ ತಂಪಿನಲ್ಲಿ ಹೊಟ್ಟೆ ಊರುತ್ತದೆ, ಕಾಲುವೆಗೆ ಇಳಿಯುತ್ತದೆ. ಬಿಸಿಲಲ್ಲಿ ಬೆಳೆದ ನಾಯಿ ಬದುಕಿರುವುದು ಈ ಜಾಣತನದಿಂದ. ಗಾಡಿಯಲ್ಲಿ ಕಟ್ಟಿದ ನಾಯಿಗೆ, ಪೆಟ್ಟಿಗೆಯಲ್ಲಿ ಕೂಡಿದ ನಾಯಿಗೆ ಇದೊಂದೂ ಇಲ್ಲ. ಅದರ ಬದಲು ನಾವು ಯೋಚಿಸಬೇಕು.

ಹೊರಡುವ ಮೊದಲು

ಮೊದಲನೆಯದು ಹೊತ್ತು. ನಾವು ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ಹೊರಡಿಸುತ್ತೇವೆ, ಒಂಬತ್ತರೊಳಗೆ ಇಳಿಸುತ್ತೇವೆ. ದೂರದ ದಾರಿಯಾದರೆ ನಡುವೆ ಮರದ ನೆರಳಿನಲ್ಲಿ ಹೊತ್ತು ಕಳೆದು ಸಂಜೆ ಐದರ ಮೇಲೆ ಮುಂದುವರಿಯುವುದು ಲೇಸು. ಗಾಡಿಯವನಿಗೆ ಇದನ್ನು ಬಾಡಿಗೆ ಮಾತಾಡುವಾಗಲೇ ಹೇಳಿಡಬೇಕು.

ಹಿಂದಿನ ರಾತ್ರಿ ಎಂದಿನಂತೆ ರೊಟ್ಟಿ ಮಜ್ಜಿಗೆ ಹಾಕಿರಿ. ಹೊರಡುವಾಗ ಹೊಟ್ಟೆ ತುಂಬ ತಿನ್ನಿಸಬೇಡಿ, ವಾಂತಿ ಮಾಡೀತು. ನೀರು ಮಾತ್ರ ಬೇಕಾದಷ್ಟು ಕುಡಿಯಲಿ. 20-25 ಕಿಲೋ ತೂಗುವ ನಾಯಿಗೆ ಸಾಮಾನ್ಯ ದಿನದಲ್ಲೇ ಒಂದು, ಒಂದೂವರೆ ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇದು ದುಪ್ಪಟ್ಟಾಗುವುದೂ ಉಂಟು. ಕುಡಿಯಲು, ಮೈಮೇಲೆ ಸುರಿಯಲು ಸೇರಿಸಿ ನಾವು ಇಪ್ಪತ್ತು ಲೀಟರ್‌ನ ಒಂದು ಕ್ಯಾನು ನಾಯಿಗೆಂದೇ ಇಟ್ಟುಕೊಳ್ಳುತ್ತೇವೆ.

ಪ್ರಾಣಿ ಸಾಗಣೆಗೆ ಕೇಂದ್ರ ಸರಕಾರದ 1978ರ ನಿಯಮಗಳಿವೆ. ನಾಯಿಗೆ ಬೇಸಿಗೆಯಲ್ಲಿ ನಾಲ್ಕು ತಾಸಿಗೊಮ್ಮೆ, ಚಳಿಗಾಲದಲ್ಲಿ ಆರು ತಾಸಿಗೊಮ್ಮೆ ನೀರು ಕೊಡಬೇಕು ಎಂದು ಅವು ಹೇಳುತ್ತವೆ. ನಮ್ಮ ಬಿಸಿಲಿಗೆ ನಾಲ್ಕು ತಾಸು ಉದ್ದವಾಯಿತು. ನಾವು ತಾಸಿಗೊಮ್ಮೆ ನಿಲ್ಲಿಸಿ ನೋಡುತ್ತೇವೆ.

ಪೆಟ್ಟಿಗೆ ಹೇಗಿರಬೇಕು

ನಮ್ಮಲ್ಲಿರುವುದು ಹಳೆಯ ಕಿಟಕಿಯ ಜಾಲರಿ ಕೂಡಿಸಿ ವೆಲ್ಡಿಂಗ್ ಮಾಡಿಸಿದ ಪೆಟ್ಟಿಗೆ. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ, ಮೂರು ಅಡಿ ಎತ್ತರ. ಮುಧೋಳ ಜಾತಿಯ ಎತ್ತರದ ನಾಯಿ ಅದರಲ್ಲಿ ನಿಲ್ಲುತ್ತದೆ, ತಿರುಗುತ್ತದೆ, ಕಾಲು ಚಾಚಿ ಮಲಗುತ್ತದೆ. ಒಂದು ಪೆಟ್ಟಿಗೆಗೆ ಒಂದೇ ನಾಯಿ. ನಾಲ್ಕೂ ಕಡೆ ಜಾಲರಿ ಇರಲಿ. ಹಲಗೆ ಬಡಿದ ಪೆಟ್ಟಿಗೆ ಚಳಿಗೆ ಚೆನ್ನ, ಬಿಸಿಲಿಗೆ ಅದು ಒಲೆ.

ಗಾಡಿಯ ತಗಡಿನ ನೆಲ ಬಿಸಿಲಿಗೆ ಕಾಯುತ್ತದೆ. ಅಂಗೈ ತಿರುಗಿಸಿ ಹಿಂಬದಿಯನ್ನು ಐದು ಎಣಿಸುವಷ್ಟು ಹೊತ್ತು ಊರಿ ನೋಡಿ. ನಿಮ್ಮಿಂದ ಆಗದಿದ್ದರೆ ನಾಯಿಯ ಪಂಜವೂ ತಡೆಯುವುದಿಲ್ಲ. ಎರಡು ಕಟ್ಟಿಗೆ ತುಂಡು ಹಾಕಿ ಪೆಟ್ಟಿಗೆಯನ್ನು ನೆಲದಿಂದ ಎತ್ತಿಡಿ, ಒಳಗೆ ಭತ್ತದ ಹುಲ್ಲು, ಅದರ ಮೇಲೆ ತೋಯಿಸಿದ ಗೋಣಿಚೀಲ ಹಾಸಿ. ಕ್ಯಾಬಿನ್‌ಗೆ ಅಂಟಿಸಿ ಇಡಬೇಡಿ, ಅಲ್ಲಿ ಗಾಳಿ ಕಡಿಮೆ. ಸೈಲೆನ್ಸರ್ ಹಾಯುವ ಕಡೆಯೂ ಬೇಡ. ಕುರಿಗಳ ಮೈ ಕಾವು ತಟ್ಟದಂತೆ, ಅವು ತುಳಿಯದಂತೆ ನಡುವೆ ಜಾಗ ಬಿಡಿ.

ನೆರಳಿಗೆ ತಾಡಪತ್ರಿಯನ್ನು ಸುತ್ತ ಇಳಿಬಿಡಬಾರದು, ಕರಿ ಕಂಬಳಿಯನ್ನಂತೂ ಹೊದಿಸಲೇಬಾರದು. ನರ್ಸರಿಯವರು ಕಟ್ಟುವ ಹಸಿರು ನೆರಳುಬಲೆ ಒಳ್ಳೆಯದು, ನೆರಳೂ ಆಯಿತು, ಗಾಳಿಯೂ ಆಡಿತು. ಅದನ್ನು ಪೆಟ್ಟಿಗೆಗೆ ತಾಗಿಸದೆ ಒಂದು ಗೇಣು ಮೇಲೆ ಕಟ್ಟಬೇಕು. ನೆರಳುಬಲೆ ಸಿಗದಿದ್ದರೆ ಬೇವಿನ ತೊಪ್ಪಲು ಹರಡಿದರೂ ನಡೆಯುತ್ತದೆ.

ಹಸಿ ಗೋಣಿಚೀಲದ ಬಗ್ಗೆ ಒಂದು ಎಚ್ಚರಿಕೆ. ಗಾಡಿ ಓಡುವಾಗ ಗಾಳಿ ಬರುವ ಒಂದು ಬದಿಗೆ ಅದನ್ನು ಕಟ್ಟಿದರೆ ನಮ್ಮ ಒಣ ಹವೆಯಲ್ಲಿ ಒಳಗೆ ಚೆನ್ನಾಗಿ ತಂಪಾಗುತ್ತದೆ. ಗಾಡಿ ನಿಂತ ಕೂಡಲೇ ತೆಗೆಯಿರಿ. ನಿಂತ ಗಾಡಿಯಲ್ಲಿ ನಾಲ್ಕೂ ಕಡೆ ಹಸಿ ಚೀಲ ಮುಚ್ಚಿದರೆ ಒಳಗೆಲ್ಲ ಹಬೆ ತುಂಬುತ್ತದೆ, ತೇಕಿದರೂ ತೇವ ಆರುವುದಿಲ್ಲ.

ಪೆಟ್ಟಿಗೆ ಇಲ್ಲದೆ ಕಟ್ಟಿ ಒಯ್ಯುವವರು ಕೊರಳಿಗಿಂತ ಎದೆಪಟ್ಟಿಗೆ ಹಗ್ಗ ಹಾಕುವುದು ಒಳ್ಳೆಯದು. ಬಿಸಿಲಿಗೆ ಕಾದ ಸರಪಳಿ ಮೈ ಸುಡುತ್ತದೆ. ಬಾಯಿಗೆ ಹಗ್ಗ ಬಿಗಿಯುವುದು ಯಾವ ಕಾರಣಕ್ಕೂ ಬೇಡ.

ಮುಚ್ಚಿದ ಕಾರು

ಫಾಲ್ಗುಣದ ಕನಕಾಚಲಪತಿ ಜಾತ್ರೆಗೆ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬರುವ ನಮ್ಮ ಮಕ್ಕಳು, ನೆಂಟರು ಈಗ ಕಾರಿನಲ್ಲಿ ಸಾಕುನಾಯಿಯನ್ನೂ ತರುತ್ತಾರೆ. ಕಾರು ನಿಲ್ಲಿಸಿ, ಗಾಜು ನಾಲ್ಕು ಬೆರಳು ಇಳಿಸಿ ದರ್ಶನಕ್ಕೆ ಹೋಗುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವನ್ನು ವೈದ್ಯರು ಅಳೆದು 2005ರಲ್ಲಿ ಪ್ರಕಟಿಸಿದ್ದಾರೆ. ಒಂದು ತಾಸಿನಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ತಾಸಿನಲ್ಲೇ. ಗಾಜು ಸ್ವಲ್ಪ ಇಳಿಸಿದ್ದರಿಂದ ಹೆಚ್ಚೇನೂ ಉಪಯೋಗ ಕಾಣಲಿಲ್ಲ. ಜಾತ್ರೆಯ ಪಾಳಿ ಎಷ್ಟು ಹೊತ್ತೆಂದು ನಮಗೆ ಗೊತ್ತೇ ಇದೆ. ಒಬ್ಬರು ನಾಯಿಯ ಜೊತೆ ನೆರಳಿನಲ್ಲಿ ಕೂರಲಿ, ಇಲ್ಲವೇ ಅದನ್ನು ಮನೆಯಲ್ಲಿ ಬಿಟ್ಟು ಬರಲಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿ, ಮುದಿ ನಾಯಿ, ಬೊಜ್ಜು ಬಂದದ್ದು, ದಟ್ಟ ಕೂದಲಿನದು ಬೇಗ ಸೋಲುತ್ತವೆ.

ಮುಧೋಳ ಕಡೆಯಿಂದ ಮರಿ ತರುವವರು ರಟ್ಟಿನ ಡಬ್ಬಿಗೆ ಎರಡು ತೂತು ಹಾಕಿ ಬಸ್ಸಿನ ಸೀಟಿನ ಕೆಳಗೆ ತಳ್ಳುವುದನ್ನು ಕಂಡಿದ್ದೇನೆ. ಬೆತ್ತದ ಇಲ್ಲವೆ ಬಿದಿರಿನ ಬುಟ್ಟಿ ತನ್ನಿ, ಮೇಲೆ ತೆಳ್ಳನೆಯ ಪಂಜಿ ಕಟ್ಟಿ, ಬುಟ್ಟಿ ಕಾಲ ಬಳಿ ಕಣ್ಣಿಗೆ ಕಾಣುವಂತಿರಲಿ. ಇಳಕಲ್, ಕುಷ್ಟಗಿಯಲ್ಲಿ ಬಸ್ಸು ನಿಂತಾಗ ಇಳಿಸಿ ನೀರು ಕುಡಿಸಿ.

ಕಾವು ಏರಿದರೆ

ನಾಯಿಯ ಮೈಯ ಸಾಮಾನ್ಯ ಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಎಚ್ಚರ, 106 ಮುಟ್ಟಿದರೆ ಜೀವಕ್ಕೆ ಅಪಾಯ. ಥರ್ಮಾಮೀಟರ್ ಇಲ್ಲದಿದ್ದರೂ ಗುರುತು ಸಿಗುತ್ತದೆ. ನಿಲ್ಲದ ತೇಕು, ಅಗಲವಾಗಿ ಜೋತು ಬಿದ್ದ ನಾಲಿಗೆ, ಅಂಟು ಜೊಲ್ಲು, ಕೆಂಪಾದ ವಸಡು ಮೊದಲು ಕಾಣುತ್ತವೆ. ಆಮೇಲೆ ತೂರಾಡುವುದು, ವಾಂತಿ, ರಕ್ತಭೇದಿ. ಕೂಗಿದರೂ ತಿರುಗಿ ನೋಡದಿದ್ದರೆ ಹೊತ್ತು ಬಹಳ ಕಡಿಮೆ ಇದೆ ಎಂದೇ ಅರ್ಥ.

ಆಗ ಮಾಡಬೇಕಾದ್ದು ಇಷ್ಟು:

• ನೆರಳಿಗೆ ಇಳಿಸಿ. ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ ತಂಪು ಮಾಡಲು ಶುರುಮಾಡಿ.

• ಮೈಯೆಲ್ಲ ತೋಯುವಂತೆ, ಕೂದಲ ಬುಡ ಮುಟ್ಟುವಂತೆ ನೀರು ಸುರಿಯುತ್ತಲೇ ಇರಿ. ಕೊಡದ ನೀರು, ಬೋರಿನ ನೀರು, ಕಾಲುವೆ ನೀರು ಯಾವುದಾದರೂ ಸರಿ. ಬಿಸಿಲಿಗೆ ಕಾದ ಪೈಪಿನ ಮೊದಲ ನೀರನ್ನು ಬಿಟ್ಟುಬಿಡಿ.

• ಟವೆಲ್, ಮೊರ, ರಟ್ಟು, ಕೈಗೆ ಸಿಕ್ಕದ್ದರಿಂದ ಗಾಳಿ ಬೀಸಿ. ನೀರು, ಗಾಳಿ ಎರಡೂ ಕೂಡಿದರೇ ಕಾವು ಬೇಗ ಇಳಿಯುವುದು.

• ಹಸಿ ಬಟ್ಟೆ ಹೊದಿಸಿ ಬಿಡಬೇಡಿ. ಅದು ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಕಾವನ್ನು ಒಳಗೇ ಹಿಡಿಯುತ್ತದೆ. ಬಟ್ಟೆ ಮೈ ಕೆಳಗಿರಲಿ.

• ತಾನಾಗಿ ಕುಡಿದರೆ ನೀರು ಕೊಡಿ. ಬಾಯಿ ಬಿಚ್ಚಿ ಸುರಿದರೆ ಶ್ವಾಸಕೋಶಕ್ಕೆ ಇಳಿದೀತು.

• ಕಾವು 103ಕ್ಕೆ ಇಳಿದಾಗ ನೀರು ಸುರಿಯುವುದನ್ನು ನಿಲ್ಲಿಸಿ, ಡಾಕ್ಟರರ ಬಳಿ ಒಯ್ಯಿರಿ. ದಾರಿಯಲ್ಲಿ ಗಾಳಿ ಆಡುತ್ತಿರಲಿ.

ಎದ್ದು ಬಾಲ ಆಡಿಸಿತು, ಇನ್ನು ಡಾಕ್ಟರು ಯಾಕೆ ಎನ್ನಬೇಡಿ. ಮೂತ್ರಪಿಂಡಕ್ಕೆ, ಕರುಳಿಗೆ, ರಕ್ತಕ್ಕೆ ಆದ ಪೆಟ್ಟು ಒಂದೆರಡು ದಿನ ಬಿಟ್ಟು ಹೊರಬೀಳುವುದುಂಟು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ನಂಬರಿಗೆ ಫೋನು ಮಾಡಬಹುದು, ಅದಕ್ಕೆ ದುಡ್ಡಿಲ್ಲ.

ಖರ್ಚಿನ ಮಾತು

ಜಾಲರಿ ಮನೆಯದೇ ಆದ್ದರಿಂದ ನಮಗೆ ತಗುಲಿದ್ದು ವೆಲ್ಡಿಂಗ್ ಕೂಲಿ ಮತ್ತು ಎರಡು ಮೀಟರ್ ನೆರಳುಬಲೆಯ ದುಡ್ಡು ಮಾತ್ರ. ಉಳಿದ ದಿನ ಆ ಪೆಟ್ಟಿಗೆಯಲ್ಲೇ ಈಗಷ್ಟೇ ಹುಟ್ಟಿದ ಕುರಿಮರಿ ಕೂಡುತ್ತೇವೆ. ಗಾಡಿಯಲ್ಲಿ ಅದಕ್ಕೆ ಜಾಗ ಬಿಟ್ಟರೆ ನಾಲ್ಕು ಮರಿ ಕಡಿಮೆ ಹಿಡಿಸುತ್ತವೆ, ಗಾಡಿಯವನು ಗೊಣಗುತ್ತಾನೆ. ಗೊಣಗಲಿ. ಇಳಿದ ರಾತ್ರಿಯೇ ಹಿಂಡು ಕಾಯಬೇಕಾದ ನಾಯಿ ತನ್ನ ಕಾಲ ಮೇಲೆ ತಾನೇ ಇಳಿದು ಬರಬೇಕು.

ನಿಮ್ಮ ಕಡೆ ಇದಕ್ಕಿಂತ ಸುಲಭದ ಉಪಾಯವಿದ್ದರೆ ಪತ್ರಿಕೆಗೆ ಬರೆದು ತಿಳಿಸಿರಿ.